ಹಳೇ ಪಿಕಪ್ ಟ್ರಕ್ ಆಗಾಗ ಮಿಸ್ಸಿಂಗ್ ಹೊಡೆಯುತ್ತದೆ, ಗ್ಯಾರೇಜಿಗೆ ಒಯ್ದರೆ ಸರಿಯಾಗಿರುತ್ತದೆ. ಎಲ್ಲಿಂದ ಹುಡುಕಲಿ?

ನೀವು ಹೇಳಿರುವುದು ಇಷ್ಟು: 20 ವರ್ಷ ದಾಟಿದ ಪೆಟ್ರೋಲ್ ಗಾಡಿ, ಮ್ಯಾನ್ಯುಯಲ್ ಗೇರ್, ಇಂಜೆಕ್ಷನ್ ಇದ್ದರೂ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಭಾಗ) ಇರುವ ಎಂಜಿನ್. ಎಂಜಿನ್ ಬಿಸಿಯಾದ ಮೇಲೆ, ಅದರಲ್ಲೂ ಏರು ಹತ್ತುವಾಗ, ಕೆಲವು ಸೆಕೆಂಡ್ ಜರ್ಕ್ ಹೊಡೆದು ಮತ್ತೆ ಸರಿಯಾಗುತ್ತದೆ. ಪ್ಲಗ್, ಪ್ಲಗ್ ವೈರ್, ಫ್ಯೂಯೆಲ್ ಫಿಲ್ಟರ್ ಎಲ್ಲ ಹೊಸದು ಹಾಕಿಸಿದ್ದೀರಿ. ಈಗ ಫ್ಯೂಯೆಲ್ ಪಂಪ್ ಬದಲಿಸಿ ಅನ್ನುತ್ತಿದ್ದಾರೆ.

ಪಂಪ್ ತರಬೇಡಿ, ಸ್ವಲ್ಪ ತಡೆಯಿರಿ. ಬಂದು ಹೋಗುವ ತೊಂದರೆಯನ್ನು ಬಂದ ಹೊತ್ತಿನಲ್ಲೇ ಹಿಡಿಯಬೇಕು. ಗಾಡಿ ಚೆನ್ನಾಗಿ ಓಡುತ್ತಿರುವಾಗ ಎಷ್ಟು ಪಾರ್ಟ್ ಬದಲಿಸಿದರೂ ಅದು ಸುಮ್ನೆ ಊಹೆ.

ನಾನು ಹಳೇ ಎಂಜಿನ್‌ಗಳಲ್ಲಿ ಮೊದಲು ನೋಡುವುದು ಟ್ಯಾಕೋಮೀಟರ್, ಅಂದರೆ ಎಂಜಿನ್ ತಿರುಗುವ ವೇಗ ತೋರಿಸುವ ಮೀಟರಿನ ಮುಳ್ಳನ್ನು. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಏರು ಹತ್ತುವಾಗ ಮೀಟರಿನ ವಿಡಿಯೊ ಮಾಡಲು ಹೇಳಿ. ನಿಮ್ಮ ಕಣ್ಣು ರಸ್ತೆಯ ಮೇಲೇ ಇರಲಿ. ಗಾಡಿ ಗೇರಿನಲ್ಲಿದ್ದಾಗ ಎಂಜಿನ್ ಒಂದು ಕ್ಷಣ ಶಕ್ತಿ ಕೊಡದಿದ್ದರೂ ಚಕ್ರವೇ ಅದನ್ನು ತಿರುಗಿಸುತ್ತಿರುತ್ತದೆ, ಅಲ್ವಾ? ಹಾಗಿದ್ದೂ ಜರ್ಕ್ ಬಂದ ಕ್ಷಣಕ್ಕೆ ಮುಳ್ಳು ಸೊನ್ನೆಯ ಕಡೆ ಬಿದ್ದು ಮತ್ತೆ ಎದ್ದರೆ, ನಿಂತದ್ದು ಎಂಜಿನ್ ಅಲ್ಲ, ಇಗ್ನಿಷನ್ (ಕಿಡಿ ಹೊತ್ತಿಸುವ) ಸಿಗ್ನಲ್. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಟ್ಯಾಕೋಗೆ ಸಿಗ್ನಲ್ ಬರುವುದು ಇಗ್ನಿಷನ್ ಕಾಯಿಲ್ ಕಡೆಯಿಂದಲೇ. ಆಗ ಹುಡುಕಬೇಕಾದದ್ದು ಡಿಸ್ಟ್ರಿಬ್ಯೂಟರ್ ಒಳಗಿನ ಪಿಕಪ್ ಕಾಯಿಲ್ (ಕಿಡಿಯ ಸಮಯ ತಿಳಿಸುವ ಸೆನ್ಸರ್), ಇಗ್ನಿಷನ್ ಮಾಡ್ಯೂಲ್ (ಕಾಯಿಲ್‌ಗೆ ಕರೆಂಟ್ ಕೊಟ್ಟು ಕಡಿಯುವ ಎಲೆಕ್ಟ್ರಾನಿಕ್ ಭಾಗ), ಇಗ್ನಿಷನ್ ಸ್ವಿಚ್, ಇವುಗಳ ನಡುವಿನ ವೈರ್. ಮುಳ್ಳು ಅಲ್ಲಾಡದೆ ನಿಂತು, ಗಾಡಿಯ ಶಕ್ತಿ ಮಾತ್ರ ಮೆಲ್ಲಗೆ ಇಳಿದರೆ ಪೆಟ್ರೋಲ್ ಕಡೆ ಅನುಮಾನ ಪಡಿ. ಒಂದು ಎಚ್ಚರ: ಡಿಸ್ಟ್ರಿಬ್ಯೂಟರ್ ಕ್ಯಾಪ್ (ಮೇಲಿನ ಮುಚ್ಚಳ), ರೋಟರ್ (ಒಳಗೆ ತಿರುಗುವ ತುಂಡು) ಕೆಟ್ಟಿದ್ದರೂ ಮುಳ್ಳು ಬೀಳುವುದಿಲ್ಲ, ಆದರೆ ಆಗ ಜರ್ಕ್ ಚುರುಕಾಗಿ, ಹೊಡೆದ ಹಾಗೆ ಬರುತ್ತದೆ.

ಬಿಸಿಯಾದ ಮೇಲೆ ಮಾತ್ರ ಅಂದಿರಲ್ಲ, ಅದಕ್ಕೇ ನನಗೆ ಮಾಡ್ಯೂಲ್ ಮೇಲೆ ಅನುಮಾನ ಜಾಸ್ತಿ. ಬಿಸಿಗೆ ಕೈಕೊಟ್ಟು, ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಕೆಲಸ ಮಾಡುವುದು ಅದರ ಹಳೇ ಚಾಳಿ. ಗ್ಯಾರೇಜಿನಲ್ಲಿ ಸಿಕ್ಕಿಬೀಳದೆ ಇರುವುದೂ ಇದರಿಂದಲೇ. ಎಂಜಿನ್ ಐಡ್ಲಿಂಗಿನಲ್ಲಿ ಇಟ್ಟು, ತಲೆಕೂದಲು ಒಣಗಿಸುವ ಡ್ರೈಯರಿನಿಂದ ಮಾಡ್ಯೂಲಿಗೆ ಬಿಸಿ ಗಾಳಿ ಕೊಡಿ. ಎಂಜಿನ್ ತಡವರಿಸಿದರೆ ಕಳ್ಳ ಸಿಕ್ಕಿದ ಹಾಗೆ. ಹೊಸದು ಕೂರಿಸುವಾಗ, ಕಂಪನಿ ಹೇಳಿದ್ದರೆ, ಅಡಿಗೆ ಶಾಖ ಸಾಗಿಸುವ ಗ್ರೀಸ್ ಹಚ್ಚುವುದನ್ನು ಬಿಡಬೇಡಿ. ಇಲ್ಲದಿದ್ದರೆ ಅದೂ ಬೇಗ ಸುಡುತ್ತದೆ.

ಇನ್ನು ಏರು. ಲೋಡ್ ಬಿದ್ದಾಗ ಎಂಜಿನ್ ಒಂದು ಕಡೆ ವಾಲುತ್ತದೆ. ಎಂಜಿನ್ ಮೌಂಟಿನ ರಬ್ಬರ್ ಹೋಗಿದ್ದರೆ ಜಾಸ್ತಿಯೇ ವಾಲುತ್ತದೆ, ಒಳಗೆ ಮುರಿದ ವೈರನ್ನು ಎಳೆಯುತ್ತದೆ. ಎಂಜಿನ್ ಓಡುತ್ತಿರುವಾಗ ವೈರಿಂಗಿನ ಕನೆಕ್ಟರುಗಳನ್ನು ಒಂದೊಂದಾಗಿ ಅಲುಗಿಸಿ ನೋಡಿ. ಬ್ರಾಕೆಟ್ಟಿಗೆ ಉಜ್ಜುವ ಜಾಗ, ಮಡಚಿಕೊಂಡ ಜಾಗ ಮುಖ್ಯ. ಫ್ಯಾನ್, ಬೆಲ್ಟ್ ಹತ್ತಿರ ಕೈ ಹಾಕಬೇಡಿ, ಕಾಯಿಲ್ ಮತ್ತು ಪ್ಲಗ್ ವೈರ್ ಮುಟ್ಟಬೇಡಿ, ಶಾಕ್ ಜೋರಾಗಿರುತ್ತದೆ.

ಹಾಗೇ ಅರ್ಥ್ ವೈರ್ ನೋಡಿ. ಹಳೇ ಗಾಡಿಯಲ್ಲಿ ಇದನ್ನು ಯಾರೂ ನೋಡುವುದಿಲ್ಲ. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಹಾಕಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ ಬ್ಲಾಕಿನ ಬಣ್ಣ ಇಲ್ಲದ ಲೋಹಕ್ಕೆ ಹಿಡಿಯಿರಿ. 0.1 ವೋಲ್ಟ್ ಒಳಗಿದ್ದರೆ ಸರಿ. 0.2 ದಾಟಿದರೆ ಎಂಜಿನ್ ನಿಲ್ಲಿಸಿ, ಆ ಅರ್ಥ್ ವೈರಿನ ಎರಡೂ ತುದಿ ಬಿಚ್ಚಿ ತಿಕ್ಕಿ ಹಾಕಿ.

ಕ್ಯಾಪ್ ಪರೀಕ್ಷೆ ಸುಲಭ. ಕತ್ತಲಲ್ಲಿ ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗ ಕ್ಯಾಪ್ ಮತ್ತು ವೈರುಗಳ ಮೇಲೆ ತೆಳ್ಳಗೆ ನೀರು ಸ್ಪ್ರೇ ಮಾಡಿ. ಕರೆಂಟ್ ಸೋರುತ್ತಿದ್ದರೆ ನೀಲಿ ಕಿಡಿ ಕಾಣುತ್ತದೆ.

ಪೆಟ್ರೋಲ್ ಕಡೆಗೆ ಬಂದರೆ, ಪಂಪನ್ನು ನಂಬಲು ಅಥವಾ ಬಿಡಲು ಇರುವ ದಾರಿ ಪ್ರೆಷರ್ ಗೇಜ್. ಅದನ್ನು ಗಾಡಿಯ ಹೊರಗಡೆಯೇ, ವಿಂಡ್‌ಶೀಲ್ಡಿನ ಹತ್ತಿರ ಅಲ್ಲಾಡದಂತೆ ಕಟ್ಟಿ ಓಡಿಸಬೇಕು. ಪೆಟ್ರೋಲ್ ಪೈಪನ್ನು ಕ್ಯಾಬಿನ್ ಒಳಗೆ ತರಲೇಬಾರದು. ಇದನ್ನು ಅನುಭವ ಇರುವ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ. ಜರ್ಕ್ ಬಂದಾಗ ಪ್ರೆಷರ್ ಕದಲದಿದ್ದರೆ ಪಂಪಿನದು ತಪ್ಪಿಲ್ಲ. ಬಿದ್ದರೂ ತಕ್ಷಣ ಪಂಪ್ ಬದಲಿಸಬೇಡಿ, ಅದಕ್ಕೆ ಬರುವ ವೋಲ್ಟೇಜ್ ಮತ್ತು ರಿಲೇ ನೋಡಿ. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇದ್ದಾಗ ಮಾತ್ರ ಬಂದರೆ ಒಳಗಿನ ಜಾಲರಿ ಕಟ್ಟಿಕೊಂಡಿರಬಹುದು. ಟ್ಯಾಂಕಿನ ಮುಚ್ಚಳ ತೆಗೆದಾಗ ಜೋರಾಗಿ ಗಾಳಿ ಒಳಗೆ ಎಳೆದುಕೊಂಡರೆ ಗಾಳಿದಾರಿ ಮುಚ್ಚಿದೆ ಅಂತ ಅರ್ಥ.

ಗಾಡಿಯ ಕಂಪ್ಯೂಟರಿನಲ್ಲಿ ದೋಷ ತೋರಿಸುವ ಕೋಡ್ ಬಂದಿಲ್ಲ ಅಂತ ಸೆನ್ಸರುಗಳನ್ನೆಲ್ಲ ಬಿಟ್ಟುಬಿಡಬೇಡಿ. ಕ್ಷಣಮಾತ್ರದ ತೊಂದರೆಗೆ ಎಷ್ಟೋ ಸಲ ಕೋಡ್ ಬೀಳುವುದಿಲ್ಲ. ನಡುವೆ ಚೆಕ್ ಎಂಜಿನ್ ದೀಪ ಮಿಣುಕತೊಡಗಿದರೆ ಮಾತ್ರ ಕಾಲು ಸಡಿಲಿಸಿ, ಗಾಡಿ ಪಕ್ಕಕ್ಕೆ ಹಾಕಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ.