ಗುಜರಿಗೆ ಹೋಗುವ ಹಳೆ ಕಂಪ್ಯೂಟರ್ ಬೇಕಾ? ಹಾರ್ಡ್ ಡಿಸ್ಕ್ ಆಸೆ ಬಿಡಿ

ರೀಸೈಕ್ಲಿಂಗ್ ಮಾಡುವ ಸೇವಾ ಸಂಸ್ಥೆಯವರು ಅಪರೂಪದ ಹಳೆ ಕಂಪ್ಯೂಟರ್‌ಗಳನ್ನು ಒಡೆದು ಗುಜರಿಗೆ ಹಾಕುತ್ತಿದ್ದಾರೆ, ಅವುಗಳ ಬೆಲೆ ಅವರಿಗೆ ಹೇಗೆ ಮನದಟ್ಟು ಮಾಡಲಿ ಅಂತ ಕೇಳಿದ್ದೀರಿ. ನಾನೂ ಅದನ್ನೇ ಮಾಡಲು ಹೋಗಿದ್ದೆ.

ಅಂಥ ಒಂದು ಕಡೆ ಬಂದ ಸಾಮಾನು ವಿಂಗಡಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಒಮ್ಮೆ ಆಪಲ್ ಕಂಪನಿಯ ಮ್ಯಾಕಿಂತೋಷ್ ಎಸ್‌ಇ/30 ಬಂತು. 1989ರ ಯಂತ್ರ. ಆ ಪುಟ್ಟ ಪೆಟ್ಟಿಗೆಯೊಳಗೆ 68030 ಪ್ರೊಸೆಸರ್, 128 ಎಂಬಿವರೆಗೂ ಮೆಮೊರಿ ಹಾಕಬಹುದು! ಮೇಲ್ವಿಚಾರಕರಿಗೆ ಇದನ್ನೆಲ್ಲ ವಿವರಿಸಿದೆ. ತಾಳ್ಮೆಯಿಂದ ಕೇಳಿದರು. ಆಮೇಲೆ ಒಂದೇ ಪ್ರಶ್ನೆ: "ಒಳಗೆ ಹಾರ್ಡ್ ಡಿಸ್ಕ್ ಇದೆಯಾ?" ಇದೆ ಎಂದೆ. "ಹಾಗಾದ್ರೆ ಕೊಡೋಕಾಗಲ್ಲ."

ನಾನು ಎಡವಿದ್ದು ಇಲ್ಲೇ. ಡಿಸ್ಕ್ ಸಮೇತ ಇಡೀ ಯಂತ್ರವೇ ಬೇಕು ಅಂತ ಪಟ್ಟು ಹಿಡಿದೆ. ಅವರ ಕಷ್ಟ ನೋಡಿ. ಕಂಪ್ಯೂಟರ್ ಕೊಟ್ಟವರಿಗೆ "ನಿಮ್ಮ ಮಾಹಿತಿ ಯಾರ ಕೈಗೂ ಸಿಗಲ್ಲ" ಅಂತ ಮಾತು ಕೊಟ್ಟಿರುತ್ತಾರೆ. ಎಷ್ಟೋ ಸಲ ಡಿಸ್ಕ್ ನಾಶ ಮಾಡಿದ್ದಕ್ಕೆ ಪ್ರಮಾಣಪತ್ರವನ್ನೂ ಕೊಡಬೇಕು. "ಡಿಸ್ಕ್ ನೀವೇ ತೆಗೆದು ಪುಡಿ ಮಾಡಿ, ಉಳಿದದ್ದು ಕೊಡಿ" ಅಂದಿದ್ದರೆ ಅವರಿಗೆ ಬೇಡ ಅನ್ನಲು ಕಾರಣವೇ ಇರುತ್ತಿರಲಿಲ್ಲ. ಅಷ್ಟು ಹಳೆಯ ಸ್ಕಸಿ (ಆ ಕಾಲದಲ್ಲಿ ಡಿಸ್ಕ್ ಜೋಡಿಸುತ್ತಿದ್ದ ಒಂದು ವಿಧಾನ) ಡಿಸ್ಕ್ ಹೇಗೂ ಜಾಸ್ತಿ ದಿನ ಬಾಳುವುದಿಲ್ಲ. ಅದರ ಜಾಗಕ್ಕೆ ಎಸ್‌ಡಿ ಕಾರ್ಡ್ ಹಾಕುವ ಬ್ಲೂಸ್ಕಸಿಯಂಥ ಬೋರ್ಡ್ ಕೂರಿಸಿದರೆ ಯಂತ್ರ ಆರಾಮಾಗಿ ಬೂಟ್ ಆಗುತ್ತದೆ. ಡಿಸ್ಕ್‌ನಲ್ಲಿದ್ದ ಯಾವುದೋ ಅಪರೂಪದ ಪ್ರೋಗ್ರಾಂ ಹೋಗಬಹುದು, ನಿಜ. ಆದರೆ ಆ ಪೆಟ್ಟಿಗೆಯೊಳಗೇ ಇರುವ ಪರದೆಯ ಪಿಕ್ಚರ್ ಟ್ಯೂಬ್ ಈಗ ಹೊಸದಾಗಿ ಎಲ್ಲಿ ಸಿಗುತ್ತದೆ? ನಾನು ವಾದ ಮಾಡುತ್ತಾ ಇದ್ದೆ, ಯಂತ್ರ ಗುಜರಿ ಲಾರಿ ಹತ್ತಿತು.

ಹಾಗಾಗಿ ಬೆಲೆ ಮನದಟ್ಟು ಮಾಡುವ ಯೋಚನೆಯನ್ನೇ ಬಿಡಿ. ಬೆಲೆ ಅವರಿಗೆ ಗೊತ್ತು, ಆದರೆ ಅದು ಗುಜರಿಯ ಬೆಲೆ. ಇಂಟೆಲ್‌ನ 1995ರ ಪೆಂಟಿಯಂ ಪ್ರೊ ಚಿಪ್‌ನಲ್ಲಿ ಚಿನ್ನ ಜಾಸ್ತಿ ಅಂತ ಅದನ್ನು ಹುಡುಕಿಕೊಂಡು ಬರುವವರಿದ್ದಾರೆ. ನೀವು ತೂಕದ ದರಕ್ಕಿಂತ ಸ್ವಲ್ಪ ಮೇಲೆ ಕೊಡಿ. ಡಿಸ್ಕ್ ಬೇಡ ಅಂತ ಬರೆದುಕೊಡಿ. ಫೋನ್ ಬಂದ ದಿನವೇ ಹೋಗಿ ಎತ್ತಿಕೊಂಡು ಬನ್ನಿ, ಅವರಿಗೆ ಇಟ್ಟುಕೊಳ್ಳಲು ಜಾಗ ಇರಲ್ಲ. ದೊಡ್ಡವರಿಗೆ ಪತ್ರ ಬರೆಯುವುದು ಸುಮ್ನೆ ಕಾಲಹರಣ. ವಿಂಗಡಿಸುವ ಮೇಜಿನ ಹತ್ತಿರ ನಿಲ್ಲುವವರ ಪರಿಚಯ ಮಾಡಿಕೊಳ್ಳಿ. 1980ರ ದಶಕದ ಕಮೊಡೋರ್ 64, ಅಮಿಗಾ ಕಂಪ್ಯೂಟರ್‌ಗಳು, ಐಬಿಎಂ ಮಾಡೆಲ್ ಎಂ ಕೀಬೋರ್ಡ್, ಹೀಗೆ ನಿಮಗೆ ಬೇಕಾದವುಗಳ ಫೋಟೊ ಇರುವ ಒಂದು ಹಾಳೆ ಅವರ ಕೈಗೆ ಕೊಡಿ. ಕೀಬೋರ್ಡ್ ಬಗ್ಗೆ ಬೇರೆಯಾಗಿಯೇ ಹೇಳಿ, ಇಲ್ಲದಿದ್ದರೆ ಅದು ಪ್ಲಾಸ್ಟಿಕ್ ರಾಶಿ ಸೇರುತ್ತದೆ.

ಸಿಕ್ಕ ಮೇಲೆ ಆನ್ ಮಾಡಿ ನೋಡುವ ಆಸೆ ಬರುತ್ತದೆ, ಅಲ್ವಾ? ಮಾಡಬೇಡಿ. ಎಸ್‌ಇ/30ರ ಲಿಥಿಯಂ ಬ್ಯಾಟರಿ, ಅಮಿಗಾ 2000ದ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಎರಡೂ ಸೋರಿ ಬೋರ್ಡನ್ನು ತಿಂದುಹಾಕುತ್ತವೆ. ಮೊದಲು ಬ್ಯಾಟರಿ ತೆಗೆಯಿರಿ. ಬೋರ್ಡ್ ಮೇಲಿನ ಪುಟ್ಟ ಡಬ್ಬಿಯಂಥ ಕೆಪಾಸಿಟರ್ ಸೋರಿದೆಯಾ ನೋಡಿ. ಕಮೊಡೋರ್ 64 ಆದರೆ ಅದರ ಹಳೆ ಪವರ್ ಸಪ್ಲೈ ಬಳಸಲೇಬೇಡಿ. ಅದು ಕೆಟ್ಟರೆ 5 ವೋಲ್ಟ್ ಲೈನ್‌ನಲ್ಲಿ ಹೆಚ್ಚು ವೋಲ್ಟೇಜ್ ಹರಿದು ಮೆಮೊರಿ ಚಿಪ್‌ಗಳು ಸುಟ್ಟುಹೋಗುತ್ತವೆ.