ಸೋತರೆ ಅಳುವ ಮಗುವಿಗೆ ಯಾವ ಆಟ?

ಪ್ರಶ್ನೆ: ಆರು ಮತ್ತು ಹತ್ತು ವರ್ಷದ ನಮ್ಮ ಹೆಣ್ಣುಮಕ್ಕಳು ಮನೆಯಲ್ಲಿ ಒಟ್ಟಿಗೆ ಆಡಬಹುದಾದ ಆಟ ಯಾವುದು? ಚಿಕ್ಕವಳು ಸೋತೊಡನೆ ಅಳುತ್ತಾಳೆ.

ಉತ್ತರ: ಚೌಕಾಬಾರದಿಂದ ಆರಂಭಿಸಿ. ಸೀಮೆಸುಣ್ಣದಿಂದ ನೆಲದ ಮೇಲೆ ಐದೈದರಂತೆ 25 ಮನೆಗಳನ್ನು ಬರೆದು, 4 ಕವಡೆಗಳನ್ನೂ ತಲಾ 4 ಕಾಯಿಗಳನ್ನೂ ಇಟ್ಟುಕೊಂಡರೆ ಸಾಕು. ಗರದ ಅದೃಷ್ಟವೂ ಕಾಯಿ ನಡೆಸುವ ಜಾಣ್ಮೆಯೂ ಇದರಲ್ಲಿ ಬೆರೆತಿರುವುದರಿಂದ ತಂಗಿಯು ಅಕ್ಕನನ್ನು ಗೆಲ್ಲುವುದು ಅಪರೂಪವೇನಲ್ಲ. ಮನೆ ಸೇರಲು ಹೊರಟ ಕಾಯಿಯನ್ನು ಕಡಿದಾಗಲೇ ಅಳು ಉಕ್ಕುವುದು ಹೆಚ್ಚು. ಆದ್ದರಿಂದ ಮೊದಮೊದಲು ಅವಳನ್ನು ನಿಮ್ಮ ಜೊತೆಗಾರ್ತಿಯಾಗಿಸಿಕೊಂಡು, ಗರವನ್ನು ಅವಳಿಂದಲೇ ಹಾಕಿಸಿ, ಯಾವ ಕಾಯಿ ನಡೆಸಬೇಕೆಂಬುದನ್ನು ಇಬ್ಬರೂ ಸೇರಿ ನಿರ್ಧರಿಸಿ. ಬೇಕೆಂದೇ ಸೋಲುವುದು ಮಾತ್ರ ಖಂಡಿತ ಬೇಡ, ಏಕೆಂದರೆ ಮಕ್ಕಳು ಅದನ್ನು ಬೇಗ ಗುರುತಿಸುತ್ತಾರೆ. ಎಣಿಕೆ ಪಳಗಿದ ಮೇಲೆ 14 ಗುಳಿಗಳ ಅಳಗುಳಿಮಣೆಯನ್ನು ತನ್ನಿ. ಅದಕ್ಕೆ ಹುಣಸೆಬೀಜಗಳೇ ಸಾಕು.