ನಗರ ದಂಗೆ ರೈತರದ್ದೇ, ಸಿಂಹಾಸನ ಹೋದ ಕಥೆ ಬೇರೆ

1830ರ ನಗರ ದಂಗೆಯಲ್ಲಿ ನಿಜವಾಗಿ ರೈತರೇ ಎದ್ದರೇ, ಇಲ್ಲವೇ ಅದು ಮೈಸೂರನ್ನು ನುಂಗಲು ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಹೂಡಿದ ಆಟವೇ ಎಂದು ಕೇಳಿದ್ದೀರಿ. ನಾನು ಹೊಸನಗರ ತಾಲ್ಲೂಕಿನವನು, ನಗರ ಎಂಬ ಈ ಊರು ಇರುವುದೂ ಇದೇ ತಾಲ್ಲೂಕಿನಲ್ಲಿ. ನಗರದ ಕೋಟೆಗೆ ಬಂದವರಿಗೆ ಕೆಳದಿಯ ಅರಸ ಶಿವಪ್ಪ ನಾಯಕನ ಕಥೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ, ಈ ದಂಗೆಯ ಮಾತೆತ್ತುವವರು ಕಾಣುವುದಿಲ್ಲ. ಅದು ನನಗೆ ಬಹಳ ದಿನದ ನೋವು. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ದಂಗೆ ರೈತರದ್ದೇ. ಅದರ ಬೇರು ‘ಶರತ್ತು’ ಪದ್ಧತಿಯಲ್ಲಿದೆ. ತಾಲ್ಲೂಕಿನಿಂದ ಇಷ್ಟು ಕಂದಾಯ ಎತ್ತಿಕೊಡುತ್ತೇನೆಂದು ಅಮಲ್ದಾರ, ಅಂದರೆ ತಾಲ್ಲೂಕಿನ ಅಧಿಕಾರಿ, ಬರೆದುಕೊಡಬೇಕಿತ್ತು. ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು, ಹೆಚ್ಚು ಬಂದರೆ ಅದೂ ಸರ್ಕಾರಕ್ಕೇ. ಜೊತೆಗೆ ಅವನಿಂದ ಒಂದು ಮುಚ್ಚಳಿಕೆಯನ್ನೂ ಬರೆಸಿಕೊಳ್ಳುತ್ತಿದ್ದರು: ರೈತರನ್ನು ಪೀಡಿಸುವುದಿಲ್ಲ, ಹೊಸ ತೆರಿಗೆ ಹಾಕುವುದಿಲ್ಲ, ಸರ್ಕಾರದ ಪಾಲಿನ ಧಾನ್ಯವನ್ನು ಅವರ ತಲೆಗೇ ಕಟ್ಟುವುದಿಲ್ಲ. ಈ ಮಾತುಗಳನ್ನು ನಿಧಾನವಾಗಿ ಓದಿ. ಊರಲ್ಲಿ ಏನೇನು ನಡೆಯುತ್ತಿತ್ತೋ ಅದೆಲ್ಲ ಅದರಲ್ಲೇ ಇದೆ. ತಾನೇ ಬೆಳೆದು, ತಾನೇ ಅಳೆದು ಕೊಟ್ಟ ಭತ್ತವನ್ನು ಅಧಿಕಾರಿಗಳು ಹೇಳಿದ ಬೆಲೆಗೆ ಮತ್ತೆ ಕೊಳ್ಳಬೇಕಾದವನ ಹೊಟ್ಟೆಯುರಿಗೆ ಲಂಡನ್ನಿನ ಸಂಚು ಬೇಕಿರಲಿಲ್ಲ.

1830ರ ಆಗಸ್ಟ್‌ನಲ್ಲಿ ಆನಂದಪುರದ ಬಳಿ ಹೊಸಂತೆಯಲ್ಲಿ ರೈತರು ಕೂಟ ಸೇರಿದರು. ಆಮೇಲೆ ಬೇರೆಯವರೂ ಬಂದು ಸೇರಿಕೊಂಡರು. ಬೂದಿ ಬಸವಪ್ಪ ತಾನೇ ಕೆಳದಿ ಅರಸರ ವಾರಸುದಾರನೆಂದು ನಿಂತ. ಕೆಳದಿ ಸಂಸ್ಥಾನ ಹೈದರಾಲಿಯ ವಶವಾಗಿ ಆಗಲೇ 67 ವರ್ಷ ಕಳೆದಿತ್ತು, ಆದರೂ ಜನ ನಂಬಿದರು. ತರೀಕೆರೆಯ ರಂಗಪ್ಪ ನಾಯಕನಿಗೆ ತನ್ನ ಮನೆತನ ಆಳುತ್ತಿದ್ದ ಹಳೆಯ ಪಾಳೆಯಪಟ್ಟು ಮರಳಿ ಬೇಕಿತ್ತು. ಈ ಇಬ್ಬರನ್ನು ತೋರಿಸಿ ಇಡೀ ದಂಗೆಯನ್ನು ಅಧಿಕಾರದಾಸೆಯ ಕಿತ್ತಾಟ ಎನ್ನುವುದು ಅನ್ಯಾಯ. ಕೂಟ ಕಟ್ಟಿದವರು ಒಕ್ಕಲುಗಳು.

ಈಗ ನಿಮ್ಮ ಪ್ರಶ್ನೆಯ ಇನ್ನೊಂದು ಮಗ್ಗುಲು. ಮುಮ್ಮಡಿ ಕೃಷ್ಣರಾಜ ಒಡೆಯರ ಸೈನ್ಯದಿಂದ ದಂಗೆ ಹತೋಟಿಗೆ ಬರಲಿಲ್ಲ. ಕಂಪನಿಯ ಪಡೆ ಬಂದು 1831ರ ಜೂನ್‌ನಲ್ಲಿ ನಗರವನ್ನು ಹಿಡಿಯಿತು. ಸೆಪ್ಟೆಂಬರ್‌ನಲ್ಲಿ ಗವರ್ನರ್ ಜನರಲ್ ಬೆಂಟಿಂಕನ ಪತ್ರ ಬಂತು, ಅಕ್ಟೋಬರ್‌ನಲ್ಲಿ ಮಹಾರಾಜರು ಆಡಳಿತವನ್ನು ಒಪ್ಪಿಸಿಕೊಟ್ಟರು.

ನನ್ನ ತಕರಾರು ಇಲ್ಲಿದೆ. 1799ರ ಒಪ್ಪಂದದಂತೆ ಮೈಸೂರು ವರ್ಷಕ್ಕೆ ಕಂಪನಿಗೆ 7 ಲಕ್ಷ ವರಹ ಪೊಗದಿ (ಕಪ್ಪ) ಕೊಡಬೇಕಿತ್ತು. ಆ ಹಣಕ್ಕೆ ಕುತ್ತು ಬಂದರೆ, ಅದಕ್ಕೆ ಬೇಕಾದಷ್ಟು ಪ್ರದೇಶವನ್ನು ಕಂಪನಿ ತನ್ನ ಕೈಗೆ ತೆಗೆದುಕೊಳ್ಳಬಹುದಿತ್ತು. ಅವರು ತೆಗೆದುಕೊಂಡದ್ದು ಇಡೀ ರಾಜ್ಯವನ್ನು. ಪೊಗದಿಗೆ ತತ್‌ಕ್ಷಣದ ಅಪಾಯವೇನೂ ಇದ್ದಂತಿಲ್ಲ ಎಂದು 1834ರಲ್ಲಿ ಬೆಂಟಿಂಕನೇ ಒಪ್ಪಿಕೊಂಡ. ರಾಜ್ಯದ ಒಂದು ಭಾಗವನ್ನಾದರೂ ಮಹಾರಾಜರಿಗೆ ಹಿಂದಿರುಗಿಸೋಣ ಎಂದು ಅವನು ಸೂಚಿಸಿದಾಗ ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕರು ಒಪ್ಪಲಿಲ್ಲ. ಹಾಗಾಗಿ ದಂಗೆಯನ್ನು ಬ್ರಿಟಿಷರು ಹುಟ್ಟಿಸಿದರು ಎಂದು ನಾನು ಹೇಳಲಾರೆ. ಅದನ್ನು ನೆಪ ಮಾಡಿಕೊಂಡರು ಎಂದು ಖಂಡಿತ ಹೇಳುತ್ತೇನೆ.

ರೈತರಿಗೆ ಏನು ಸಿಕ್ಕಿತು ಎಂದೂ ನೀವು ಕೇಳಬಹುದು. ಆಮೇಲೆ ಮೈಸೂರನ್ನು ಆಳಿದ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ 769 ಚಿಲ್ಲರೆ ತೆರಿಗೆಗಳು ರದ್ದಾದವು. ಇದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಒಂದು ಸೀಮೆಯಲ್ಲಿ ಅಷ್ಟೊಂದು ಬಾಬತ್ತಿನ ಸುಂಕಗಳಿದ್ದವು ಎಂಬುದೇ ಹೊಸಂತೆಯ ಕೂಟಕ್ಕೆ ದೊಡ್ಡ ಸಾಕ್ಷಿ. ಆಡಳಿತ ಮಾತ್ರ ಮೈಸೂರಿನಿಂದ ಬೆಂಗಳೂರಿಗೆ ಹೋಯಿತು. ರಾಜ್ಯವನ್ನು ಮರಳಿ ಪಡೆಯಲು ಪ್ರಯತ್ನಿಸುತ್ತಲೇ ಮುಮ್ಮಡಿಯವರು 1868ರಲ್ಲಿ ತೀರಿಕೊಂಡರು. 1881ರಲ್ಲಿ ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿದಾಗ, ಒಪ್ಪಂದದ ಪತ್ರದಲ್ಲಿ ಪೊಗದಿಯನ್ನು 35 ಲಕ್ಷ ರೂಪಾಯಿಗೆ ಏರಿಸಿ ಬರೆದಿದ್ದರು.